ಯಾರು ತಿದ್ದಿದರು, ಏಕೆ ತಿದ್ದಿದರು: ಗಿಟ್ ಮತ್ತು ತಂಡದ ನೆನಪು

ಒಂದೇ ಪಠ್ಯವನ್ನು ಹಲವು ಕೈಗಳು ತಿದ್ದುತ್ತ ಹೋದಾಗ ಯಾವುದು ಮೂಲ, ಯಾವುದು ತಿದ್ದುಪಡಿ, ತಿದ್ದಿದವರು ಯಾರು, ಯಾವ ಕಾರಣಕ್ಕೆ ತಿದ್ದಿದರು ಎಂಬ ಪ್ರಶ್ನೆಗಳು ಏಳುವುದು ಕಂಪ್ಯೂಟರಿನ ಕಾಲದ ಹೊಸ ಸಂಗತಿಯೇನಲ್ಲ. ಓಲೆಗರಿಯಿಂದ ಓಲೆಗರಿಗೆ ಪ್ರತಿಯಾಗುತ್ತ ಬಂದ ಹಳಗನ್ನಡ ಕಾವ್ಯಗಳನ್ನು ಸಂಪಾದಿಸಿದ ವಿದ್ವಾಂಸರು ಲಿಪಿಕಾರನ ಕೈತಪ್ಪನ್ನೂ ಬೇಕೆಂದೇ ಸೇರಿಸಿದ ಪ್ರಕ್ಷೇಪವನ್ನೂ ಬೇರ್ಪಡಿಸಲು, ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ದಾಖಲಿಸಲು, ಯಾವ ಪ್ರತಿ ಯಾವುದರಿಂದ ಹುಟ್ಟಿತೆಂಬ ವಂಶವೃಕ್ಷವನ್ನು ಊಹಿಸಲು ಒಂದು ಶಾಸ್ತ್ರವನ್ನೇ ಕಟ್ಟಬೇಕಾಯಿತು, ಡಿ.ಎಲ್. ನರಸಿಂಹಾಚಾರ್ ಅವರ ‘ಕನ್ನಡ ಗ್ರಂಥ ಸಂಪಾದನೆ’ ಆ ಶಾಸ್ತ್ರವನ್ನು ಕನ್ನಡದಲ್ಲಿ ವಿವರಿಸಿದ ಕೃತಿ. ಸಾಫ್ಟ್‌ವೇರ್ ಬರೆಯುವ ತಂಡಗಳು ಎದುರಿಸುವ ತೊಡಕೂ ಇದೇ, ಆದರೆ ಗ್ರಂಥಸಂಪಾದಕನಿಗಿಲ್ಲದ ಅನುಕೂಲವೊಂದು ಅವುಗಳಿಗಿದೆ: ವಂಶವೃಕ್ಷವನ್ನು ಮುಂದೆಂದೋ ಊಹಿಸುವ ಬದಲು ತಿದ್ದುವ ಗಳಿಗೆಯಲ್ಲೇ ಬರೆದಿಟ್ಟುಕೊಳ್ಳಬಹುದು. ಹೀಗೆ ಬರೆದಿಡುವ ಉಪಕರಣವನ್ನು ಆವೃತ್ತಿ ನಿಯಂತ್ರಣ ವ್ಯವಸ್ಥೆ ಎನ್ನುತ್ತಾರೆ. ಇಂದು ಅಂಥ ವ್ಯವಸ್ಥೆಗಳ ಪೈಕಿ ಅತಿ ಹೆಚ್ಚು ಬಳಕೆಯಲ್ಲಿರುವ ಗಿಟ್, ತಂಡದಲ್ಲಿ ಕೆಲಸ ಮಾಡುವ ಪ್ರೋಗ್ರಾಮರ್ ಕಲಿಯಲೇಬೇಕಾದ ಉಪಕರಣವಾಗಿದೆ. ಅಷ್ಟೇ ವ್ಯಾಪಕವಾಗಿ ಅರೆಬರೆ ಕಲಿಯಲ್ಪಡುವ ಉಪಕರಣವೂ ಆಗಿದೆ.

ತಂಡ ಬೆಳೆದಂತೆ ಕೆಲಸಕ್ಕಿಂತ ಬೇಗ ಮಾತು ಬೆಳೆಯುತ್ತದೆ ಎಂಬುದನ್ನು, ಐಬಿಎಂ ಸಂಸ್ಥೆಯಲ್ಲಿ ಓಎಸ್/360 ಎಂಬ ಬೃಹತ್ ಕಾರ್ಯಾಚರಣ ವ್ಯವಸ್ಥೆಯ ತಯಾರಿಕೆಯ ಹೊಣೆ ಹೊತ್ತಿದ್ದ ಫ್ರೆಡ್ ಬ್ರೂಕ್ಸ್, 1975ರಲ್ಲಿ ಪ್ರಕಟವಾದ ‘ದಿ ಮಿಥಿಕಲ್ ಮ್ಯಾನ್-ಮಂತ್’ ಗ್ರಂಥದಲ್ಲಿ ಸರಳವಾದ ಲೆಕ್ಕವೊಂದರಿಂದ ತೋರಿಸಿದರು. ಐವರಿರುವ ತಂಡದಲ್ಲಿ ಪರಸ್ಪರ ಮಾತಾಡಬೇಕಾದ ಜೋಡಿಗಳು 10, ಹತ್ತು ಜನರಿದ್ದರೆ 45, ಐವತ್ತು ಜನರಿದ್ದರೆ 1225. ಇಷ್ಟು ಜೋಡಿಗಳ ನಡುವೆ ಬಾಯಿಮಾತಿನಿಂದಲೇ ಹೊಂದಾಣಿಕೆ ಸಾಧಿಸುವುದು ಆಗದ ಮಾತು. ಆದ್ದರಿಂದ ಯಾರ ಯಾವ ಬದಲಾವಣೆ ಯಾವಾಗ ಸೇರಿತು ಎಂಬ ಸಂಗತಿಯಾದರೂ ಎಲ್ಲರೂ ನೋಡಬಹುದಾದ ಒಂದು ಕಡೆ ಲಿಖಿತವಾಗಿ ಇರಬೇಕಾಗುತ್ತದೆ.

ಇಂಥ ಲಿಖಿತ ದಾಖಲೆಯ ಮೊದಲ ಯತ್ನಗಳಲ್ಲಿ ಒಂದನ್ನು 1972ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಮಾರ್ಕ್ ರಾಕ್‌ಕೈಂಡ್ ರೂಪಿಸಿದರು. ಎಸ್‌ಸಿಸಿಎಸ್ ಎಂಬ ಹೆಸರಿನ ಆ ವ್ಯವಸ್ಥೆ ಪ್ರತಿ ಆವೃತ್ತಿಯನ್ನೂ ಇಡಿಯಾಗಿ ಶೇಖರಿಸದೆ ಆವೃತ್ತಿಗಳ ನಡುವಿನ ವ್ಯತ್ಯಾಸಗಳನ್ನಷ್ಟೇ ಉಳಿಸಿಕೊಳ್ಳುತ್ತಿತ್ತು. ಡಿಸ್ಕಿನ ಜಾಗ ದುಬಾರಿಯಾಗಿದ್ದ ಕಾಲದಲ್ಲಿ ಅದು ಸಹಜವಾದ ಜಾಣತನ. ಆಮೇಲೆ 1980ರ ದಶಕದ ಮೊದಲ ವರ್ಷಗಳಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ವಾಲ್ಟರ್ ಟಿಶಿ ಆರ್‌ಸಿಎಸ್ ಅನ್ನು ಸಿದ್ಧಪಡಿಸಿದರು. ಈ ಎರಡೂ ವ್ಯವಸ್ಥೆಗಳ ನಡೆ ಬೀಗದ ನಡೆಯಾಗಿತ್ತು: ಒಬ್ಬರು ಫೈಲನ್ನು ತಿದ್ದಲು ತೆಗೆದುಕೊಂಡರೆ ಅದನ್ನು ಹಿಂದಿರುಗಿಸುವ ತನಕ ಉಳಿದವರು ಕಾಯಬೇಕು, ಗ್ರಂಥಾಲಯದಲ್ಲಿ ಒಂದೇ ಪ್ರತಿಯಿರುವ ಪುಸ್ತಕಕ್ಕೆ ಸರದಿಯಲ್ಲಿ ಕಾದಂತೆ. ಫೈಲನ್ನು ಬೀಗ ಹಾಕಿಟ್ಟವರು ಅದನ್ನು ಮರೆತು ರಜೆಯ ಮೇಲೆ ಹೋದರೆ ಕೆಲಸ ಅಲ್ಲೇ ನಿಲ್ಲುತ್ತಿತ್ತು.

ಬೀಗವನ್ನು ಕಳಚಿದ ಬಗೆ ಸ್ವಾರಸ್ಯಕರವಾಗಿದೆ, ಏಕೆಂದರೆ ಅದರ ಹಿಂದೆ ಇದ್ದದ್ದು ಯಾವ ಸಿದ್ಧಾಂತವೂ ಅಲ್ಲ, ದಿನಚರಿಯ ಹೊಂದಾಣಿಕೆಯಾಗದ ಮೂವರು ಜನ. ಆಮ್‌ಸ್ಟರ್‌ಡ್ಯಾಮಿನ ವ್ರೈಯ ವಿಶ್ವವಿದ್ಯಾಲಯದಲ್ಲಿ ಡಿಕ್ ಗ್ರೂನ ಅವರು ತಮ್ಮ ಇಬ್ಬರು ವಿದ್ಯಾರ್ಥಿಗಳೊಡನೆ ಸಿ ಭಾಷೆಯ ಕಂಪೈಲರ್ ಒಂದನ್ನು ಬರೆಯುತ್ತಿದ್ದರು. ವಿದ್ಯಾರ್ಥಿಗಳಲ್ಲಿ ಒಬ್ಬರದು ಬೆಳಗಿನಿಂದ ಸಂಜೆಯವರೆಗಿನ ಕಚೇರಿ ವೇಳೆ, ಇನ್ನೊಬ್ಬರಿಗೆ ಹೊತ್ತುಗೊತ್ತಿನ ಗೊಡವೆಯಿಲ್ಲ, ಗ್ರೂನ ಅವರಿಗೆ ಬಿಡುವು ಸಿಗುತ್ತಿದ್ದುದು ಸಂಜೆಯ ನಂತರವೇ. ಮೂವರೂ ಒಬ್ಬರನ್ನೊಬ್ಬರು ಕಾಯದೆ ತಮ್ಮ ತಮ್ಮ ಪ್ರತಿಯನ್ನು ತಿದ್ದಿ ನಂತರ ಒಟ್ಟುಗೂಡಿಸುವಂತೆ ಗ್ರೂನ ಬರೆದುಕೊಂಡ ಸಣ್ಣ ಕಾರ್ಯಕ್ರಮಗಳೇ 1986ರಲ್ಲಿ ಸಿವಿಎಸ್ ಎಂಬ ಹೆಸರಿನಲ್ಲಿ ಹೊರಬಂದು ಮುಂದಿನ ಒಂದೂವರೆ ದಶಕ ಮುಕ್ತ ತಂತ್ರಾಂಶ ಲೋಕದ ಬೆನ್ನೆಲುಬಾದವು. ಒಂದೇ ಫೈಲನ್ನು ಇಬ್ಬರು ಏಕಕಾಲಕ್ಕೆ ತಿದ್ದಿದರೆ ಅನಾಹುತವಾದೀತು ಎಂಬ ಅಂಜಿಕೆ, ಬಹುಪಾಲು ಸಂದರ್ಭಗಳಲ್ಲಿ ಇಬ್ಬರೂ ಬೇರೆ ಬೇರೆ ಸಾಲುಗಳನ್ನು ತಿದ್ದಿರುತ್ತಾರೆ ಎಂಬ ಅನುಭವದ ಮುಂದೆ ಕರಗಿತು.

ಆದರೂ ಸಿವಿಎಸ್ ಮತ್ತು ಅದರ ಉತ್ತರಾಧಿಕಾರಿಯಾಗಿ ಬಂದ ಸಬ್‌ವರ್ಷನ್ ಎರಡರಲ್ಲೂ ಇತಿಹಾಸವೆಂಬುದು ಒಂದು ಕೇಂದ್ರ ಸರ್ವರಿನಲ್ಲಿ ಇರುತ್ತಿತ್ತು, ಪ್ರೋಗ್ರಾಮರನ ಬಳಿ ಇರುತ್ತಿದ್ದುದು ಇತ್ತೀಚಿನ ಪ್ರತಿ ಮಾತ್ರ. ಜಗತ್ತಿನ ಮೂಲೆಮೂಲೆಗಳಲ್ಲಿ ಚದುರಿದ್ದು ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆಯನ್ನು ಬರೆಯುತ್ತಿದ್ದ ತಂಡಕ್ಕೆ ಈ ಏರ್ಪಾಟು ಒಗ್ಗಲಿಲ್ಲ. 2002ರ ತನಕ ಲಿನಕ್ಸ್‌ನ ತಿರುಳಾದ ಕರ್ನೆಲ್‌ಗೆ ಬರುತ್ತಿದ್ದ ತಿದ್ದುಪಡಿಗಳು ಪ್ಯಾಚ್ ಎಂಬ ಪಠ್ಯತುಣುಕುಗಳಾಗಿ ಇ-ಮೇಲಿನಲ್ಲಿ ಅದರ ಕರ್ತೃ ಲಿನಸ್ ಟೊರ್ವಾಲ್ಡ್ಸ್ ಅವರನ್ನು ತಲುಪುತ್ತಿದ್ದವು, ಅವರು ಅವನ್ನು ಒಂದೊಂದಾಗಿ ಸೇರಿಸುತ್ತಿದ್ದರು. ಅವರ ಗಮನಕ್ಕೆ ಬಾರದೆ ಕಳೆದುಹೋದ ಪ್ಯಾಚ್‌ಗಳ ಕುರಿತ ಅಸಮಾಧಾನ ಆ ವಲಯದಲ್ಲಿ ಬಹಿರಂಗವಾಗಿಯೇ ಇತ್ತು. 2002ರಲ್ಲಿ ಅವರು ಲ್ಯಾರಿ ಮೆಕ್‌ವಾಯ್ ಅವರ ಕಂಪನಿಯ ಬಿಟ್‌ಕೀಪರ್ ಎಂಬ ಖಾಸಗಿ ಉಪಕರಣವನ್ನು ಉಚಿತ ಪರವಾನಗಿಯಡಿ ಬಳಸತೊಡಗಿದರು. ಮುಕ್ತ ತಂತ್ರಾಂಶದ ಮುಂಚೂಣಿ ಯೋಜನೆಯೊಂದು ಮುಚ್ಚಿದ ಉಪಕರಣವನ್ನು ನೆಚ್ಚಿಕೊಂಡದ್ದು ಹಲವರಿಗೆ ಸರಿಬರಲಿಲ್ಲ. ಕೊನೆಗೆ ಆಂಡ್ರ್ಯೂ ಟ್ರಿಜೆಲ್ ಎಂಬ ಪ್ರೋಗ್ರಾಮರ್ ಬಿಟ್‌ಕೀಪರ್ ಸರ್ವರಿನೊಡನೆ ಮಾತಾಡಬಲ್ಲ ಸ್ವತಂತ್ರ ಕಾರ್ಯಕ್ರಮ ಬರೆಯಲು ಹೊರಟಾಗ ಕಂಪನಿ ಅದನ್ನು ಒಪ್ಪದೆ 2005ರ ಏಪ್ರಿಲ್‌ನಲ್ಲಿ ಉಚಿತ ಬಳಕೆಯನ್ನು ಹಿಂತೆಗೆದುಕೊಂಡಿತು.

ಟೊರ್ವಾಲ್ಡ್ಸ್ ಅದೇ ಏಪ್ರಿಲ್ 3ರಂದು ಗಿಟ್ ಬರೆಯಲಾರಂಭಿಸಿದರು, ಏಪ್ರಿಲ್ 7ರ ಹೊತ್ತಿಗೆ ಗಿಟ್ ತನ್ನದೇ ಮೂಲಸಂಕೇತದ ಇತಿಹಾಸವನ್ನು ತಾನೇ ದಾಖಲಿಸಿಕೊಳ್ಳತೊಡಗಿತ್ತು, ಜೂನ್ ತಿಂಗಳಲ್ಲಿ ಹೊರಬಂದ ಕರ್ನೆಲ್‌ನ 2.6.12 ಆವೃತ್ತಿ ಗಿಟ್ ಮೂಲಕವೇ ಸಿದ್ಧವಾಯಿತು. ಜುಲೈನಲ್ಲಿ ಅವರು ಅದರ ನಿರ್ವಹಣೆಯನ್ನು ಜಪಾನೀ ಮೂಲದ ಜೂನಿಯೊ ಹಮಾನೊ ಅವರಿಗೆ ಒಪ್ಪಿಸಿದರು. ಗಿಟ್ ಕಥೆಯನ್ನು ಹೇಳುವವರು ಹತ್ತೇ ದಿನದ ಸಾಹಸವೆಂಬಂತೆ ಅದನ್ನು ಬಣ್ಣಿಸುವುದು ವಾಡಿಕೆ. ಆ ಕೆಲವು ದಿನಗಳಲ್ಲಿ ಸಿದ್ಧವಾದದ್ದು ಅಡಿಪಾಯ ಮಾತ್ರ, ಅದರ ಮೇಲೆ ವರ್ಷಗಟ್ಟಲೆ ಮನೆ ಕಟ್ಟಿದವರು ಹಮಾನೊ ಮತ್ತು ಅವರ ಸಂಗಡಿಗರು ಎಂಬುದನ್ನು ಮರೆತರೆ ಉಪಕರಣದ ಗುಣವೂ ದೋಷವೂ ಅರ್ಥವಾಗುವುದಿಲ್ಲ.

ಆ ಅಡಿಪಾಯ ಅಚ್ಚರಿಯೆನಿಸುವಷ್ಟು ಸರಳ. ಫೈಲೊಂದರ ಒಳಗಿರುವ ಪಠ್ಯವನ್ನು ಗಿಟ್ ಒಂದು ಗಂಟಾಗಿ ಕಟ್ಟಿಡುತ್ತದೆ, ಅದಕ್ಕೆ ಬ್ಲಾಬ್ ಎಂದು ಹೆಸರು. ಯಾವ ಹೆಸರಿನ ಫೈಲಿನಲ್ಲಿ ಯಾವ ಬ್ಲಾಬ್ ಇದೆ ಎಂಬ ಪಟ್ಟಿಗೆ ಟ್ರೀ ಎಂದು ಹೆಸರು. ಒಂದು ಗಳಿಗೆಯಲ್ಲಿ ಇಡೀ ಯೋಜನೆ ಹೇಗಿತ್ತೆಂದು ತೋರಿಸುವ ಟ್ರೀ, ತಿದ್ದಿದವರ ಹೆಸರು, ದಿನಾಂಕ, ತಿದ್ದುಪಡಿಯ ವಿವರಣೆ ಮತ್ತು ಇದಕ್ಕೆ ಹಿಂದಿನ ಸ್ಥಿತಿ ಯಾವುದೆಂಬ ಗುರುತು, ಇವಿಷ್ಟೂ ಸೇರಿದರೆ ಕಮಿಟ್. ಓಲೆಗರಿಯ ಕೊನೆಯಲ್ಲಿ ಲಿಪಿಕಾರ ತನ್ನ ಹೆಸರನ್ನೂ ಸಂವತ್ಸರ, ಮಾಸ, ತಿಥಿಗಳನ್ನೂ ಬರೆದು ಮುಗಿಸುವ ಸಮಾಪ್ತಿವಾಕ್ಯಕ್ಕೆ ಇದು ಬಹಳ ಹತ್ತಿರದ್ದು. ಪ್ರತಿ ಗಂಟಿಗೂ ಅದರ ಒಳಗಿನ ವಿಷಯದಿಂದಲೇ ಲೆಕ್ಕ ಹಾಕಿ ಪಡೆದ 40 ಅಂಕಿ-ಅಕ್ಷರಗಳ ಹೆಸರೊಂದು ಇರುತ್ತದೆ. ಈ ಲೆಕ್ಕಾಚಾರದ ವಿಧಾನಕ್ಕೆ ಶಾ-1 ಎನ್ನುತ್ತಾರೆ. ಒಳಗಿನ ಒಂದು ಅಲ್ಪವಿರಾಮ ಬದಲಾದರೂ ಹೆಸರು ಪೂರ್ತಿ ಬದಲಾಗುತ್ತದೆ, ಪ್ರತಿ ಕಮಿಟ್‌ನ ಹೆಸರಿನ ಲೆಕ್ಕದಲ್ಲಿ ಅದರ ತಂದೆ ಕಮಿಟ್‌ನ ಹೆಸರೂ ಸೇರಿರುವುದರಿಂದ ಹಳೆಯದೊಂದನ್ನು ಗುಟ್ಟಾಗಿ ತಿದ್ದಿದರೆ ಅದರ ಸಂತತಿಯ ಹೆಸರುಗಳೆಲ್ಲ ಬದಲಾಗಿ ಕಳ್ಳತನ ಹೊರಬೀಳುತ್ತದೆ. ಒಂದೇ ಶಾ-1 ಹೆಸರು ಬರುವ ಎರಡು ಬೇರೆ ಫೈಲುಗಳನ್ನು 2017ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಸಿಡಬ್ಲ್ಯೂಐ ಸಂಸ್ಥೆ ಮತ್ತು ಗೂಗಲ್‌ನ ಸಂಶೋಧಕರು ಸೃಷ್ಟಿಸಿ ತೋರಿಸಿದ ಮೇಲೆ ಗಿಟ್ ಅಂಥ ದಾಳಿಯನ್ನು ಪತ್ತೆ ಹಚ್ಚುವ ರೂಪಾಂತರಕ್ಕೆ ಬದಲಾಯಿತು.

ಕಮಿಟ್‌ಗಳ ಈ ಸರಪಳಿ ಅರ್ಥವಾದರೆ ಮಿಕ್ಕ ಪರಿಭಾಷೆ ತಾನಾಗಿ ಬಿಡಿಸಿಕೊಳ್ಳುತ್ತದೆ. ಇಡೀ ಇತಿಹಾಸವನ್ನು ಇಟ್ಟುಕೊಂಡಿರುವ ಭಂಡಾರಕ್ಕೆ ರೆಪಾಸಿಟರಿ ಎಂದು ಹೆಸರು. ಅದನ್ನು ಕ್ಲೋನ್ ಮಾಡುವುದೆಂದರೆ ಇತ್ತೀಚಿನ ಪ್ರತಿಯನ್ನಷ್ಟೇ ಅಲ್ಲದೆ ಪೂರ್ತಿ ವಂಶವೃಕ್ಷವನ್ನೂ ತನ್ನ ಕಂಪ್ಯೂಟರಿಗೆ ಇಳಿಸಿಕೊಳ್ಳುವುದು. ಬ್ರ್ಯಾಂಚ್ ಅಥವಾ ಕವಲು ಎಂದೊಡನೆ ಹೊಸಬರು ಯೋಜನೆಯ ಇನ್ನೊಂದು ಇಡೀ ನಕಲನ್ನು ಕಲ್ಪಿಸಿಕೊಳ್ಳುತ್ತಾರೆ, ವಾಸ್ತವವಾಗಿ ಅದು ಯಾವುದೋ ಒಂದು ಕಮಿಟ್‌ನ ಕಡೆಗೆ ಬೆರಳು ತೋರುವ 41 ಬೈಟುಗಳ ಚಿಕ್ಕ ಫೈಲು, ಹೆಸರಿನ 40 ಅಕ್ಷರಗಳು ಮತ್ತು ಸಾಲು ಮುಗಿಯಿತೆಂಬ ಒಂದು ಗುರುತು. ಕವಲೊಡೆಯುವುದು ಇಷ್ಟು ಅಗ್ಗವಾದ್ದರಿಂದಲೇ ಒಂದೊಂದು ದೋಷದ ತಿದ್ದುಪಡಿಗೂ ಒಂದೊಂದು ಕವಲು ಮಾಡುವ ಪದ್ಧತಿ ಬೆಳೆಯಿತು. ಕವಲುಗಳನ್ನು ಕೂಡಿಸುವ ಮರ್ಜ್ ಕ್ರಿಯೆಯಲ್ಲಿ ಗಿಟ್ ಎರಡರ ಸಮೀಪದ ಸಾಮಾನ್ಯ ಪೂರ್ವಜನನ್ನು ಹುಡುಕಿ, ಆ ಪೂರ್ವಜನಿಂದ ಯಾವ ಕವಲು ಯಾವ ಸಾಲನ್ನು ಬದಲಿಸಿದೆ ಎಂದು ಹೋಲಿಸುತ್ತದೆ. ಒಂದೇ ಕಡೆ ಬದಲಾಗಿದ್ದರೆ ಬದಲಾದದ್ದನ್ನು ಉಳಿಸಿಕೊಳ್ಳುತ್ತದೆ, ಎರಡೂ ಕಡೆ ಅದೇ ಜಾಗ ಬೇರೆ ಬೇರೆಯಾಗಿ ಬದಲಾಗಿದ್ದರೆ ಎರಡು ಪಾಠಗಳನ್ನೂ ಗುರುತು ಹಾಕಿ ಪಕ್ಕಪಕ್ಕ ಇಟ್ಟು ನಿರ್ಧಾರವನ್ನು ಮನುಷ್ಯನಿಗೆ ಬಿಡುತ್ತದೆ. ತಂಡಗಳಲ್ಲಿ ಕಾನ್‌ಫ್ಲಿಕ್ಟ್ ಎಂದು ಕರೆಯಲಾಗುವ ಈ ಸ್ಥಿತಿಯನ್ನು ಹೊಸಬರು ತಮ್ಮಿಂದಾದ ಅಪರಾಧವೆಂಬಂತೆ ಕಾಣುತ್ತಾರೆ. ಅಸಲಿಗೆ ಗ್ರಂಥಸಂಪಾದಕನ ಮೇಜಿನ ಮೇಲೆ ದಿನವೂ ಬೀಳುವ ಪಾಠಾಂತರವೇ ಅದು. ಹೆದರಬೇಕಾದದ್ದು ಕಾನ್‌ಫ್ಲಿಕ್ಟ್ ಎಂದು ಗಿಟ್ ಹೇಳದೇ ಹೋದ ಸಂದರ್ಭಗಳಿಗೆ. ಒಬ್ಬರು ಒಂದು ಫಂಕ್ಷನ್ನಿನ ಹೆಸರನ್ನು ಬದಲಿಸಿ, ಇನ್ನೊಬ್ಬರು ಅದೇ ಹೊತ್ತಿಗೆ ಬೇರೊಂದು ಫೈಲಿನಲ್ಲಿ ಹಳೆಯ ಹೆಸರಿನಿಂದಲೇ ಅದನ್ನು ಕರೆದರೆ ಸಾಲುಗಳು ಎಲ್ಲಿಯೂ ಡಿಕ್ಕಿಯಾಗುವುದಿಲ್ಲ, ಮರ್ಜ್ ಸರಾಗವಾಗಿ ಮುಗಿಯುತ್ತದೆ, ಕಾರ್ಯಕ್ರಮ ಮಾತ್ರ ಓಡುವುದಿಲ್ಲ. ಏಕೆಂದರೆ ಗಿಟ್‌ಗೆ ಸಾಲು ಗೊತ್ತು, ಅರ್ಥ ಗೊತ್ತಿಲ್ಲ. ಪ್ರತಿ ಕೂಡಿಕೆಯ ಬೆನ್ನಿಗೇ ಸಂಕೇತವನ್ನು ಕಟ್ಟಿ ಪರೀಕ್ಷೆಗಳನ್ನು ಓಡಿಸುವ ಜೆಂಕಿನ್ಸ್‌ನಂಥ ಯಂತ್ರವ್ಯವಸ್ಥೆಗಳು ತಂಡಕ್ಕೆ ಅನಿವಾರ್ಯವಾದದ್ದು ಈ ಕೊರತೆಯಿಂದ.

ಇಷ್ಟು ಸರಳವಾದ ಅಡಿಪಾಯವಿದ್ದೂ ಕಲಿಯುವವರು ಎಡವುವುದಕ್ಕೆ ಉಪಕರಣವೂ ಹೊಣೆ. ಕವಲು ಬದಲಿಸುವುದು, ತಿದ್ದಿದ ಫೈಲನ್ನು ಹಿಂದಿನ ಸ್ಥಿತಿಗೆ ತರುವುದು ಎಂಬ ಸಂಬಂಧವಿಲ್ಲದ ಎರಡು ಕೆಲಸಗಳನ್ನು ಚೆಕ್‌ಔಟ್ ಎಂಬ ಒಂದೇ ಆಜ್ಞೆ ಬಹುಕಾಲ ಮಾಡುತ್ತಿತ್ತು. ಅವನ್ನು ಸ್ವಿಚ್ ಮತ್ತು ರಿಸ್ಟೋರ್ ಎಂದು ಬೇರ್ಪಡಿಸಿದ್ದು 2019ರಲ್ಲಿ, ಗಿಟ್ ಹುಟ್ಟಿ 14 ವರ್ಷಗಳಾದ ಮೇಲೆ. ಆದರೆ ಹೆಚ್ಚಿನ ಹೊಣೆ ಕಲಿಸುವ ಕ್ರಮದ್ದು. ಹತ್ತಾರು ಆಜ್ಞೆಗಳನ್ನು ಮಂತ್ರದಂತೆ ಉರುಹೊಡೆದು, ಏನಾದರೂ ತಪ್ಪಿದಾಗ ರೆಪಾಸಿಟರಿಯನ್ನೇ ಅಳಿಸಿ ಮತ್ತೆ ಕ್ಲೋನ್ ಮಾಡಿಕೊಳ್ಳುವುದು ಬಹಳ ಮಂದಿಯ ರೂಢಿ. ಎಂಐಟಿಯಲ್ಲಿ 2020ರಲ್ಲಿ ನಡೆದ ‘ಮಿಸ್ಸಿಂಗ್ ಸೆಮಿಸ್ಟರ್’ ಎಂಬ ಕಿರು ಪಠ್ಯಕ್ರಮ, ಪದವಿ ತರಗತಿಗಳಲ್ಲಿ ಯಾರೂ ಕಲಿಸದೆ ಬಿಟ್ಟುಬಿಡುವ ಉಪಕರಣಗಳನ್ನೇ ವಿಷಯವಾಗಿಸಿಕೊಂಡು, ಗಿಟ್ ಪಾಠವನ್ನು ಆಜ್ಞೆಗಳಿಂದ ಶುರುಮಾಡದೆ ಬ್ಲಾಬ್, ಟ್ರೀ, ಕಮಿಟ್‌ಗಳ ರಚನೆಯಿಂದ ಶುರುಮಾಡಿತು. ಈ ಕ್ರಮವೇ ಸರಿ ಎಂದು ಹೇಳಲು ಹಿಂಜರಿಯಬೇಕಾಗಿಲ್ಲ. ಕರ್ನಾಟಕದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ತನ್ನ 2022ರ ಪಠ್ಯಕ್ರಮದಲ್ಲಿ ಕಂಪ್ಯೂಟರ್ ವಿಜ್ಞಾನದ ಮೂರನೆಯ ಸೆಮಿಸ್ಟರಿಗೆ ‘ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ವಿತ್ ಗಿಟ್’ ಎಂಬ ಪ್ರಯೋಗಾಲಯದ ವಿಷಯವನ್ನು ಸೇರಿಸಿರುವುದು ಸ್ವಾಗತಾರ್ಹ. ಆದರೆ ಪ್ರಯೋಗಗಳನ್ನು ಒಬ್ಬೊಬ್ಬರೇ ಮಾಡಿ ರೆಕಾರ್ಡ್ ಪುಸ್ತಕದಲ್ಲಿ ಬರೆದು ಸಹಿ ಹಾಕಿಸಿಕೊಳ್ಳುವ ಪದ್ಧತಿ ಈ ಉಪಕರಣದ ಸ್ವಭಾವಕ್ಕೆ ವಿರುದ್ಧವಾದದ್ದು, ಏಕೆಂದರೆ ಒಬ್ಬರೇ ಇರುವಲ್ಲಿ ಪಾಠಾಂತರ ಹುಟ್ಟುವುದಿಲ್ಲ. ಮೂವರು ವಿದ್ಯಾರ್ಥಿಗಳನ್ನು ಕೂರಿಸಿ, ಒಂದೇ ಸಾಲನ್ನು ಬೇಕೆಂದೇ ಮೂರು ಬಗೆಯಲ್ಲಿ ತಿದ್ದಿಸಿ, ಯಾವುದು ಉಳಿಯಬೇಕೆಂದು ಅವರವರಲ್ಲೇ ವಾದ ಮಾಡಿಸಿದರೆ ಒಂದು ಮಧ್ಯಾಹ್ನದಲ್ಲಿ ಮೈಗೂಡುವಷ್ಟು ವಿದ್ಯೆ ರೆಕಾರ್ಡ್ ಬರೆಯುವುದರಿಂದ ಬಾರದು. ಕೆಲಸ ಕಳೆದುಹೋದೀತೆಂಬ ಭಯಕ್ಕೂ ಮದ್ದಿದೆ: ಒಮ್ಮೆ ಕಮಿಟ್ ಆದದ್ದನ್ನು ಕವಲಿನಿಂದ ಕಿತ್ತರೂ ಗಿಟ್ ತನ್ನ ರೆಫ್‌ಲಾಗ್ ಎಂಬ ದಿನಚರಿಯಲ್ಲಿ ಅದರ ಜಾಡನ್ನು, ಸೆಟ್ಟಿಂಗ್ ಬದಲಿಸದಿದ್ದರೆ, ಕನಿಷ್ಠ 30 ದಿನ ಇಟ್ಟುಕೊಂಡಿರುತ್ತದೆ.

ಕಮಿಟ್‌ನೊಂದಿಗೆ ಬರೆಯಬೇಕಾದ ವಿವರಣೆಯೇ ತಂಡದ ಶಿಸ್ತಿಗೆ ಒರೆಗಲ್ಲು. ಏನು ಬದಲಾಯಿತು ಎಂಬುದನ್ನು ಡಿಫ್, ಅಂದರೆ ಎರಡು ಆವೃತ್ತಿಗಳ ಸಾಲುವಾರು ವ್ಯತ್ಯಾಸ, ಯಾರ ನೆರವೂ ಇಲ್ಲದೆ ತೋರಿಸಬಲ್ಲದು. ಏಕೆ ಬದಲಾಯಿತು ಎಂಬುದು ಬರೆದವರ ತಲೆಯಲ್ಲಿ ಬಿಟ್ಟರೆ ಬೇರೆಲ್ಲಿಯೂ ಇರುವುದಿಲ್ಲ, ಅವರು ಕೆಲಸ ಬಿಟ್ಟ ದಿನ ಅದೂ ಅವರೊಡನೆ ಹೊರಟುಹೋಗುತ್ತದೆ. ‘ಸರಿಪಡಿಸಿದೆ’, ‘ಸಣ್ಣ ಬದಲಾವಣೆ’ ಎಂಬಂಥ ವಿವರಣೆಗಳು ಹಾಜರಿ ಹಾಕಲಷ್ಟೇ ಸಾಕು. ಬ್ಲೇಮ್ ಎಂಬ, ಹೆಸರಿನಲ್ಲೇ ಕಿಡಿಗೇಡಿತನವಿರುವ ಆಜ್ಞೆ ಪ್ರತಿ ಸಾಲಿನ ಎದುರಿಗೂ ಅದನ್ನು ಕೊನೆಯ ಬಾರಿ ಮುಟ್ಟಿದವರ ಹೆಸರನ್ನೂ ಕಮಿಟ್‌ನ ಗುರುತನ್ನೂ ತೋರಿಸುತ್ತದೆ. ಸಭೆಯಲ್ಲಿ ತಪ್ಪಿತಸ್ಥರನ್ನು ಹುಡುಕಲು ಅದನ್ನು ಬಳಸುವ ತಂಡಗಳಲ್ಲಿ ಜನ ಹಳೆಯ ಸಾಲುಗಳನ್ನು ಮುಟ್ಟಲೇ ಅಂಜುತ್ತಾರೆ, ವಿಚಿತ್ರವಾಗಿ ಕಾಣುವ ಸಾಲಿನ ಹಿಂದಿನ ಕಾರಣವನ್ನು ಓದಲು ಬಳಸುವ ತಂಡಗಳಲ್ಲಿ ಅದೇ ಆಜ್ಞೆ ಹಿರಿಯರೊಬ್ಬರ ನೆನಪಿನಂತೆ ಒದಗುತ್ತದೆ. ಚಿಕ್ಕ ಚಿಕ್ಕ ಕಮಿಟ್‌ಗಳ ಇನ್ನೊಂದು ಫಲ ಬಿಸೆಕ್ಟ್ ಎಂಬ ಆಜ್ಞೆಯಲ್ಲಿ ಕಾಣುತ್ತದೆ. ಹಿಂದೆಂದೋ ಸರಿಯಿದ್ದ ಕಾರ್ಯಕ್ರಮ ಈಗ ಕೆಟ್ಟಿದೆ, ನಡುವೆ 1000 ಕಮಿಟ್‌ಗಳಿವೆ ಎಂದಾದರೆ ನಡುಮಧ್ಯದ್ದನ್ನು ಪರೀಕ್ಷಿಸಿ, ಕೆಟ್ಟಿರುವ ಅರ್ಧವನ್ನು ಉಳಿಸಿಕೊಂಡು ಮತ್ತೆ ಅರ್ಧಿಸುತ್ತ ಹೋದರೆ 10 ಪರೀಕ್ಷೆಗಳಲ್ಲಿ ದೋಷ ಹೊಕ್ಕ ಕಮಿಟ್ ಸಿಗುತ್ತದೆ. ಹತ್ತು ಲಕ್ಷವನ್ನು ದಾಟಿರುವ ಲಿನಕ್ಸ್ ಕರ್ನೆಲ್‌ನ ಕಮಿಟ್‌ಗಳನ್ನು ಪೂರ್ತಿ ಜಾಲಾಡಬೇಕಾಗಿ ಬಂದರೂ ಪರೀಕ್ಷೆಗಳ ಸಂಖ್ಯೆ 20ರ ಆಸುಪಾಸು. ವಾರದ ಕೆಲಸವನ್ನೆಲ್ಲ ಶುಕ್ರವಾರ ಸಂಜೆ ಒಂದೇ ಕಮಿಟ್‌ನಲ್ಲಿ ತುರುಕುವವರಿಗೆ ಈ ಸೌಲಭ್ಯ ದಕ್ಕದು, ಏಕೆಂದರೆ ಆಗ ಸಿಗುವುದು ದೋಷದ ಸಾಲಲ್ಲ, ದೋಷದ ವಾರ.

ಒಬ್ಬರ ಕವಲನ್ನು ಮುಖ್ಯ ಕವಲಿಗೆ ಸೇರಿಸುವ ಮುನ್ನ ಇನ್ನೊಬ್ಬರು ಓದಿ ಒಪ್ಪಬೇಕೆಂಬ ಕಟ್ಟಳೆ ಗಿಟ್‌ಗಿಂತ ಹಳೆಯದು. ಐಬಿಎಂನ ಮೈಕಲ್ ಫೇಗನ್ 1976ರಲ್ಲಿ ಪ್ರಕಟಿಸಿದ ಲೇಖನವು ಸಂಕೇತವನ್ನು ನಿಗದಿತ ಪಾತ್ರಗಳುಳ್ಳ ಸಭೆಯಲ್ಲಿ ಸಾಲುಸಾಲಾಗಿ ಪರಿಶೀಲಿಸುವ ವಿಧಿಯನ್ನು ರೂಪಿಸಿತ್ತು. 2008ರಲ್ಲಿ ಆರಂಭವಾದ ಗಿಟ್‌ಹಬ್ ಜನಪ್ರಿಯಗೊಳಿಸಿದ ಪುಲ್ ರಿಕ್ವೆಸ್ಟ್, ಅಂದರೆ ಈ ಕವಲನ್ನು ಸೇರಿಸಿಕೊಳ್ಳಿ ಎಂಬ ಬಿನ್ನಹ, ಆ ಸಭೆಯನ್ನು ಪತ್ರವ್ಯವಹಾರವಾಗಿ ಮಾರ್ಪಡಿಸಿತು. ಮೈಕ್ರೊಸಾಫ್ಟ್ ತಂಡಗಳಲ್ಲಿನ ಪರಿಶೀಲನೆಯನ್ನು ಅಧ್ಯಯನ ಮಾಡಿ ಆಲ್ಬರ್ಟೊ ಬಾಕೆಲ್ಲಿ ಮತ್ತು ಕ್ರಿಶ್ಚಿಯನ್ ಬರ್ಡ್ 2013ರಲ್ಲಿ ಪ್ರಕಟಿಸಿದ ಪ್ರಬಂಧ ಕುತೂಹಲಕರ ಸಂಗತಿಯೊಂದನ್ನು ಹೊರಗೆಡವಿತು: ದೋಷ ಹುಡುಕುವುದೇ ಪರಿಶೀಲನೆಯ ಮುಖ್ಯ ಉದ್ದೇಶವೆಂದು ಹೇಳಲಾಗುತ್ತಿದ್ದರೂ ನಿಜವಾಗಿ ದೊರೆಯುತ್ತಿದ್ದ ಫಲದಲ್ಲಿ ದೋಷಗಳ ಪಾಲು ಎಣಿಸಿದ್ದಕ್ಕಿಂತ ಕಡಿಮೆ, ತಂಡದೊಳಗೆ ತಿಳಿವಳಿಕೆ ಹರಡುವುದು, ಒಬ್ಬರ ಕೆಲಸ ಇನ್ನೊಬ್ಬರಿಗೆ ಪರಿಚಯವಾಗುವುದು, ಉತ್ತಮ ಪರ್ಯಾಯಗಳು ಹೊಳೆಯುವುದು ಇಂಥವುಗಳ ಪಾಲು ಗಣನೀಯ. ಎರಡು ಸಾವಿರ ಸಾಲುಗಳ ಬಿನ್ನಹವನ್ನು ಎರಡು ನಿಮಿಷದಲ್ಲಿ ‘ಸರಿಯಿದೆ’ ಎಂದು ಒಪ್ಪಿಬಿಡುವ ಸೌಜನ್ಯದಿಂದ ಇವ್ಯಾವುವೂ ದೊರೆಯುವುದಿಲ್ಲ.

ಗಿಟ್ ಎಲ್ಲ ತಂಡಗಳಿಗೂ ಒಪ್ಪುವ ಉಡುಪು ಎಂಬುದೂ ನಿಜವಲ್ಲ. ಗೂಗಲ್ ತನ್ನ ಬಹುಪಾಲು ಸಂಕೇತವನ್ನು ತಾನೇ ಕಟ್ಟಿಕೊಂಡ ಪೈಪರ್ ಎಂಬ ಒಂದೇ ಬೃಹತ್ ಭಂಡಾರದಲ್ಲಿ ಇಟ್ಟಿದೆ. ಮೈಕ್ರೊಸಾಫ್ಟ್ 2017ರಲ್ಲಿ ವಿಂಡೋಸ್‌ನ ಸುಮಾರು 35 ಲಕ್ಷ ಫೈಲುಗಳನ್ನು, ಸುಮಾರು 300 ಗಿಗಾಬೈಟ್‌ಗಳನ್ನು, ಗಿಟ್‌ಗೆ ತರುವಾಗ ಬೇಕಾದ ಫೈಲನ್ನು ಬೇಕಾದಾಗ ಮಾತ್ರ ಇಳಿಸಿಕೊಡುವ ಪ್ರತ್ಯೇಕ ವ್ಯವಸ್ಥೆಯನ್ನೇ ಬರೆಯಬೇಕಾಯಿತು. ಚಿಕ್ಕ ತಂಡಗಳನ್ನು ಹೆಚ್ಚು ಕಾಡುವುದು ಏನನ್ನೂ ಮರೆಯದಿರುವ ಗಿಟ್‌ನ ಗುಣ. ಡೇಟಾಬೇಸಿನ ಪಾಸ್‌ವರ್ಡ್ ಒಂದು ಕಮಿಟ್‌ನಲ್ಲಿ ನುಸುಳಿದರೆ ಮುಂದಿನ ಕಮಿಟ್‌ನಲ್ಲಿ ಅದನ್ನು ಅಳಿಸಿ ಪ್ರಯೋಜನವಿಲ್ಲ. ಹಳೆಯ ಕಮಿಟ್ ಕ್ಲೋನ್ ಮಾಡಿಕೊಂಡವರೆಲ್ಲರ ಬಳಿಯೂ ಇರುತ್ತದೆ, ಆದ್ದರಿಂದ ಮೊದಲು ಮಾಡಬೇಕಾದದ್ದು ಪಾಸ್‌ವರ್ಡನ್ನೇ ಬದಲಿಸುವುದು.

ಕನ್ನಡ ಪಠ್ಯವನ್ನು, ಅದು ತಂತ್ರಾಂಶದ ಅನುವಾದವಾಗಲಿ ಪದಕೋಶವಾಗಲಿ, ಗಿಟ್‌ನಲ್ಲಿ ಇಡುವವರಿಗೆ ಇನ್ನೂ ಕೆಲವು ತೊಡಕುಗಳು ಎದುರಾಗುತ್ತವೆ. ಕನ್ನಡದಲ್ಲಿ ಹೆಸರಿಟ್ಟ ಫೈಲು ಗಿಟ್‌ನ ಪಟ್ಟಿಯಲ್ಲಿ ಅಂಕಿಗಳ ಸರಮಾಲೆಯಾಗಿ ಕಾಣುತ್ತದೆ, ‘ಕ’ ಅಕ್ಷರದ ಜಾಗದಲ್ಲಿ \340\262\225 ಎಂದು. ಕೋಟ್‌ಪಾತ್ ಎಂಬ ಸೆಟ್ಟಿಂಗನ್ನು ತೆಗೆದುಹಾಕಿದರೆ ಅಕ್ಷರಗಳು ಅಕ್ಷರಗಳಾಗಿಯೇ ತೋರುತ್ತವೆ. ಡಿಫ್ ಸಾಲುವಾರು ಹೋಲಿಸುವುದರಿಂದ ಇಡೀ ಪರಿಚ್ಛೇದವನ್ನು ಒಂದೇ ಸಾಲಾಗಿ ಬರೆದಿದ್ದರೆ ಒಂದು ಪದ ಬದಲಾದರೂ ಪರಿಚ್ಛೇದವೇ ಬದಲಾಯಿತೆಂದು ತೋರುತ್ತದೆ. ಪದವಾರು ಹೋಲಿಕೆಯ ಆಯ್ಕೆಯನ್ನು ಬಳಸುವುದು ಅಥವಾ ವಾಕ್ಯಕ್ಕೊಂದು ಸಾಲಿನಂತೆ ಬರೆಯುವುದು ಇದಕ್ಕೆ ಪರಿಹಾರ. ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಕಣ್ಣಿಗೆ ಕಾಣದ ಪಾಠಾಂತರ. ‘ಕೊ’ ಎಂಬ ಅಕ್ಷರವನ್ನು ಯುನಿಕೋಡ್‌ನಲ್ಲಿ ‘ಕ’ಕ್ಕೆ ಒಕಾರದ ಒಂದೇ ಚಿಹ್ನೆ ಸೇರಿಸಿಯೂ ಬರೆಯಬಹುದು, ಎಕಾರದ ಚಿಹ್ನೆ ಮತ್ತು ಊಕಾರದ ಚಿಹ್ನೆಗಳನ್ನು ಒಂದರ ಹಿಂದೊಂದು ಸೇರಿಸಿಯೂ ಬರೆಯಬಹುದು, ತೆರೆಯ ಮೇಲೆ ಎರಡೂ ಒಂದೇ, ಗಿಟ್‌ಗೆ ಎರಡೂ ಬೇರೆ. ‘ಸಾಫ್ಟ್‌ವೇರ್’ ಪದದ ನಡುವೆ ಒತ್ತಕ್ಷರವಾಗದಂತೆ ತಡೆಯಲು ಹಾಕುವ ಅಗೋಚರ ಚಿಹ್ನೆ ಪದದ ಕೊನೆಗೂ ಅಂಟಿಕೊಂಡಿದ್ದರೆ ಕಥೆ ಅದೇ. ಇಬ್ಬರು ಅನುವಾದಕರು ಬೇರೆ ಬೇರೆ ಕೀಲಿಮಣೆ ತಂತ್ರಾಂಶ ಬಳಸಿದಾಗ ಒಂದಕ್ಷರವೂ ಬದಲಾಗದ ಫೈಲಿನಲ್ಲಿ ನೂರಾರು ಸಾಲುಗಳು ಬದಲಾದಂತೆ ಕಾಣುವುದಕ್ಕೆ ಇದೊಂದು ಕಾರಣ. ಓಲೆಗರಿಗಳನ್ನು ಹೋಲಿಸುವ ಸಂಪಾದಕನಿಗೆ ಕಾಣದ ವ್ಯತ್ಯಾಸಗಳ ಕಾಟ ಇರಲಿಲ್ಲ. ಕಮಿಟ್ ಆಗುವ ಮುನ್ನವೇ ಪಠ್ಯವನ್ನು ಯುನಿಕೋಡ್ ಗೊತ್ತುಪಡಿಸಿದ ಏಕರೂಪಕ್ಕೆ ತಂದು, ಪದಾಂತ್ಯದ ಅಗೋಚರ ಚಿಹ್ನೆಗಳನ್ನು ಒರೆಸಿಹಾಕುವ ಹತ್ತಿಪ್ಪತ್ತು ಸಾಲಿನ ಸಣ್ಣ ಕಾರ್ಯಕ್ರಮವೊಂದನ್ನು ಬರೆದು, ಗಿಟ್ ತಾನಾಗಿ ಅದನ್ನು ಓಡಿಸುವಂತೆ ಹುಕ್ ಎಂಬ ಸೌಲಭ್ಯಕ್ಕೆ ಜೋಡಿಸಿಟ್ಟರೆ ಡಿಫ್‌ನಲ್ಲಿ ನಿಜವಾದ ತಿದ್ದುಪಡಿಗಳು ಮಾತ್ರ ಉಳಿಯುತ್ತವೆ. ಹುಕ್‌ಗಳು ಕ್ಲೋನ್ ಜೊತೆಗೆ ತಾವಾಗಿ ಬರುವುದಿಲ್ಲವಾದ್ದರಿಂದ ತಂಡದ ಪ್ರತಿಯೊಬ್ಬರೂ ಅದನ್ನು ತಮ್ಮ ಕಂಪ್ಯೂಟರಿನಲ್ಲಿ ಒಮ್ಮೆ ಸ್ಥಾಪಿಸಿಕೊಳ್ಳಬೇಕಾಗುತ್ತದೆ.